ಸುತ್ತಿಗೆ, ಪ್ರೆಸ್, ಥ್ರೆಡ್ ರಾಡ್: ಎಟಿವಿ ವೀಲ್ ಬೇರಿಂಗ್ ಮೂರು ಥರಾನೂ ಹಾಕಿ ನೋಡಿದೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಥ್ರೆಡ್ ರಾಡ್‌ಗೆ. ಮೈತುಂಬಾ ಥ್ರೆಡ್ ಇರೋ ಉದ್ದನೆ ರಾಡು, ಎರಡೂ ಕಡೆ ದಪ್ಪ ವಾಷರ್, ನಟ್ಟು, ಸ್ಪ್ಯಾನರ್ ತಿರುಗಿಸ್ತಾ ಹೋದ್ರೆ ಬೇರಿಂಗ್ ಮೆಲ್ಲಗೆ ಒಳಗೆ ಸರೀತಾ ಹೋಗುತ್ತೆ, ಇಷ್ಟೇ. ಅದನ್ನ ತಗೊಳ್ಳೋಕ್ ಮುಂಚೆ ಒಂದು ಹೊಚ್ಚ ಹೊಸ ಬೇರಿಂಗ್‌ನ ಸುತ್ತಿಗೇಲಿ ಕೊಂದಿದ್ದೀನಿ, ಇನ್ನೊಂದನ್ನ ವರ್ಕ್‌ಶಾಪಲ್ಲಿ ಪ್ರೆಸ್ (ಒತ್ತಿ ಕೂರಿಸೋ ಮಷೀನು) ಮಾಡ್ಸಿದ್ದೀನಿ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳ್ತಿರೋದು.

ನನ್ನ ಎಟಿವಿ, ಅಂದ್ರೆ ರಸ್ತೆ ಇಲ್ಲದ ಕಡೆ ಓಡ್ಸೋ ನಾಲ್ಕು ಚಕ್ರದ ಗಾಡಿ, ಕೆಸರು ನೀರು ಅಂತ ನೋಡಲ್ಲ. ಓಡಿ ಓಡಿ ಬಿಸಿಯಾಗಿರೋ ಬೇರಿಂಗ್ ದಿಢೀರ್ ಅಂತ ತಣ್ಣೀರಲ್ಲಿ ಮುಳುಗಿದ್ರೆ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದೀಲಿ ನೀರು ಎಳ್ಕೊಳ್ಳುತ್ತೆ, ಗ್ರೀಸ್ ಕೆಡುತ್ತೆ, ಆಮೇಲೆ ಗುಂಯ್ ಅನ್ನೋಕೆ ಶುರು. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ್ರೆ ಪ್ಲೇ (ಸಡಿಲ) ಗೊತ್ತಾಗುತ್ತೆ. ಬಾಲ್ ಜಾಯಿಂಟ್ (ಚಕ್ರದ ಭಾಗನ ಸಸ್ಪೆನ್ಷನ್ನಿಗೆ ಸೇರ್ಸೋ ಕೀಲು) ಹೋಗಿದ್ರೂ ಹಿಂಗೇ ಅಲ್ಲಾಡುತ್ತೆ, ಯಾರನ್ನಾದ್ರೂ ಕರೆದು ಜಾಯಿಂಟ್ ಮೇಲೆ ಬೆರಳಿಟ್ಟು ನೋಡೋಕೆ ಹೇಳಿ, ಇಲ್ಲಾಂದ್ರೆ ಸರಿ ಇರೋ ಬೇರಿಂಗ್‌ನ ಕಿತ್ತು ಕೂತ್ಕೋತೀರ.

ಸುತ್ತಿಗೆಗೆ ಖರ್ಚಿಲ್ಲ. ಹಳೇದನ್ನ ಹೊಡೆದು ತೆಗೆಯೋಕೆ ನನ್ನ ತಕರಾರಿಲ್ಲ, ಅದು ಹೆಂಗೂ ಸತ್ತಿರೋದು (ಕನ್ನಡಕ ಹಾಕ್ಕೊಳ್ಳಿ, ಬೇರಿಂಗ್ ಉಕ್ಕು ಗಟ್ಟಿ, ಚೂರು ಸಿಡಿಯುತ್ತೆ). ಹೊಸದಕ್ಕೆ ಮಾತ್ರ ಬೇಡ. ಸರಿಯಾದ ಸೈಜಿನ ಸಾಕೆಟ್ ಇಲ್ಲ ಅಂತ ಸ್ವಲ್ಪ ಚಿಕ್ಕದಿಟ್ಟು ಹೊಡೆದೆ, ಅದು ಕೂತಿದ್ದು ಒಳಗಿನ ರಿಂಗ್ ಮೇಲೆ. ನಕಲ್‌ನಲ್ಲಿ (knuckle, ಚಕ್ರದ ಹಿಂದೆ ಬೇರಿಂಗ್ ಕೂರೋ ಲೋಹದ ಭಾಗ) ಬಿಗಿಯಾಗಿ ಸಿಕ್ಕೊಂಡಿರೋದು ಹೊರಗಿನ ರಿಂಗು, ಏಟು ಬಿದ್ದಿದ್ದು ಒಳಗಿನದಕ್ಕೆ, ಪಾಪ ಮಧ್ಯದಲ್ಲಿರೋ ಬಾಲ್‌ಗಳು ಏನ್ ಮಾಡ್ತಾವೆ, ಟ್ರ್ಯಾಕಲ್ಲಿ ಗುಳಿ ಬಿತ್ತು. ಕೈಯಲ್ಲಿ ತಿರುಗಿಸಿದಾಗ ಏನೂ ಗೊತ್ತಾಗ್ಲಿಲ್ಲ, ಮೂರನೇ ರೈಡಿಗೆ ಮತ್ತೆ ಅದೇ ಗುಂಯ್.

ಪ್ರೆಸ್ ಕೆಲಸದಲ್ಲಿ ಹುಳುಕಿಲ್ಲ, ನೆಟ್ಟಗೆ ಕೂರುತ್ತೆ. ಆದ್ರೆ ನಕಲ್ ಪೂರ್ತಿ ಬಿಚ್ಚಿ ತಗೊಂಡು ಹೋಗ್ಬೇಕು, ಎರಡೂ ಬಾಲ್ ಜಾಯಿಂಟು, ಟೈ ರಾಡು, ಬ್ರೇಕ್ ಕ್ಯಾಲಿಪರ್ ಎಲ್ಲಾ. ಅವರು ಎರಡು ನಿಮಿಷಕ್ಕೆ ಒತ್ತಿ ಕೊಟ್ರು, ನನ್ನ ರಜಾ ದಿನ ಪೂರ್ತಿ ಹೋಯ್ತು. ರಾಡ್ ಆದ್ರೆ ಹಬ್ ತೆಗೆದು, ನನ್ನ ಗಾಡೀಲಿ ಮೇಲಿನ ಜಾಯಿಂಟ್ ಒಂದನ್ನ ಬಿಡಿಸಿ ನಕಲ್ ವಾಲಿಸಿ, ಆಕ್ಸಲ್ ಹೊರಗೆಳೆದ್ರೆ ಸಾಕು, ಉಳಿದಿದ್ದು ಗಾಡಿ ಮೇಲೇನೇ.

ಈಗ ಸರ್ಕ್ಲಿಪ್ಪಿಗೆ ಬರೋಣ. ಬೇರಿಂಗ್ ಆಚೆ ಬರ್ದೇ ಇರ್ಲಿ ಅಂತ ಅದು ಕೂರೋ ಗೂಡಿನ ಬಾಯಲ್ಲಿ ಹಾಕಿರೋ ಸ್ಪ್ರಿಂಗ್ ಉಂಗುರ, ಬಡ್ಡಿಮಗಂದು. ಕೆಸರು ತುಂಬಿ, ತುಕ್ಕು ಹಿಡಿದು, ಗ್ರೂವ್ ಯಾವ್ದು ಕ್ಲಿಪ್ ಯಾವ್ದು ಅಂತಾನೇ ಗೊತ್ತಾಗ್ತಿರ್ಲಿಲ್ಲ. ಸಣ್ಣ ಪ್ಲೈಯರ್ ಹಾಕಿದೆ, ಅದರ ತುದಿ ಮುರಿದು ಹಾರ್ತು. ದೊಡ್ಡದು ತಂದು ಹಾಕಿದೆ, ಕ್ಲಿಪ್ಪಿನ ಕಿವೀನೇ ಮುರೀತು, ಹಿಡಿಯೋಕೆ ತೂತೂ ಇಲ್ಲ ಈಗ. ಪ್ರೆಸ್ ಇದ್ರೂ ಸುತ್ತಿಗೆ ಇದ್ರೂ ಕ್ಲಿಪ್ ಬರ್ದೇ ಬೇರಿಂಗ್ ಬರಲ್ಲ, ಒಂದು ಸಂಜೆ ಪೂರ್ತಿ ಅದರ ಮುಂದೆ ಕೂತಿದ್ದೆ.

ಕೊನೆಗೆ ಕೆಲಸಕ್ಕೆ ಬಂದಿದ್ದು ರಾಡೇ. ಗ್ರೂವ್‌ನ ಮೊಳೆಯಿಂದ ಕೆರೆದು, ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ರಾತ್ರಿ ಹಂಗೇ ಬಿಟ್ಟೆ, ಬೆಳಗ್ಗೆ ರಾಡ್ ಕಟ್ಟಿ ಹಳೇ ಬೇರಿಂಗ್‌ನ ಕ್ಲಿಪ್ಪಿಂದ ದೂರಕ್ಕೆ, ಒಳಗಡೆಗೆ ಬಿಗಿದೆ. ಕೂದಲೆಳೆಯಷ್ಟು ಸರೀತು ಅಷ್ಟೇ, ಕ್ಲಿಪ್ ಮೇಲಿನ ಒತ್ತಡ ಹೋಯ್ತು, ತೆಳ್ಳಗಿನ ಉಳಿ ಇಟ್ಟು ತಟ್ಟಿದ್ರೆ ಗ್ರೂವಲ್ಲೇ ಸುತ್ತೋಕೆ ಶುರುವಾಯ್ತು, ಒಂದು ತುದಿ ಎಬ್ಬಿಸಿದೆ, ಬಂತು.

ಹೊಸದು ಹಾಕೋವಾಗ ಮತ್ತೆ ಅದೇ ಕ್ಲಿಪ್ ಕಾಟ. ಬೇರಿಂಗ್ ಕೂತಿದೆ ಅನ್ಕೊಂಡೆ, ಕ್ಲಿಪ್ ಗ್ರೂವಿಗೆ ಬೀಳ್ತಿಲ್ಲ. ಗೂಡಿನ ತಳದಲ್ಲಿ ಒಣಗಿದ ಕೆಸರು ಒಂದು ಚೂರು ಉಳಿದಿತ್ತು. ರಾಡ್ ತಿರುಗಿಸಿ ಹಾಕಿ, ಹೊರಗಿನ ರಿಂಗ್ ಹಿಡಿದು ವಾಪಸ್ ಎಳ್ಕೊಂಡೆ, ಒರೆಸಿದೆ, ಮತ್ತೆ ಹಾಕ್ದೆ, ಟಕ್ ಅಂತ ಕೂತು. ಸುತ್ತಿಗೆ ಹಿಡಿದಿದ್ರೆ ಕೂರ್ಲಿಲ್ಲ ಅಂತ ಇನ್ನೂ ನಾಲ್ಕು ಬಾರಿಸ್ತಿದ್ದೆ, ನನ್ನ ಬುದ್ಧಿ ನಂಗೊತ್ತು.

ರಾಡಲ್ಲೂ ತಪ್ಪಿದೆ. ಮೊದಲನೇದು ಮೆತ್ತನೆ ಕಬ್ಬಿಣದ್ದು, ಅರ್ಧ ದಾರೀಲೇ ಥ್ರೆಡ್ ಕಿತ್ಕೊಂಡು ಬಂತು. 16 ಎಂಎಂ, 8.8 ಗ್ರೇಡ್ (ಉಕ್ಕಿನ ಬಲದ ದರ್ಜೆ) ಅಥವಾ ಮೇಲಿಂದು ತಗೊಳ್ಳಿ, ಥ್ರೆಡ್ಡಿಗೆ ಗ್ರೀಸ್ ಬಳೀರಿ, ಇಂಪ್ಯಾಕ್ಟ್ ಗನ್ ಬೇಡವೇ ಬೇಡ.

ಬೇರಿಂಗ್ ಫ್ರೀಜರಲ್ಲಿಡೋದು ಒಳ್ಳೇದೇ, ಆದ್ರೆ 70 ಎಂಎಂ ಬೇರಿಂಗ್ 45 ಡಿಗ್ರಿ ತಣ್ಣಗಾದ್ರೆ ಕುಗ್ಗೋದು ಸುಮಾರು 0.04 ಎಂಎಂ ಅಷ್ಟೇ. ಅಲ್ಯೂಮಿನಿಯಂ ನಕಲ್‌ಗೆ ಹೀಟ್ ಗನ್ ಹಿಡಿದು 60 ಡಿಗ್ರಿ ಏರಿಸಿದ್ರೆ ಗೂಡು 0.1 ಎಂಎಂ ಹತ್ರ ಹಿಗ್ಗುತ್ತೆ. ಎರಡೂ ಮಾಡಿ, ಸ್ಪ್ಯಾನರ್ ಎಷ್ಟು ಹಗುರ ಅಂತ ನೋಡಿ.

ಸೀಲು ಎರಡೂ ಕಡೆ ರಬ್ಬರಿಂದೇ ಇರ್ಲಿ. ಆಕ್ಸಲ್ ನಟ್ ಮ್ಯಾನ್ಯುಅಲ್ಲಲ್ಲಿರೋ ಟಾರ್ಕಿಗೆ (ಬಿಗಿತದ ಅಳತೆ) ಬಿಗೀರಿ, ನಟ್ ಬಿಚ್ಕೊಳ್ದೇ ಹಿಡಿಯೋ ಸ್ಪ್ಲಿಟ್ ಪಿನ್ ಹೊಸದು ಹಾಕಿ.

ವರ್ಷಕ್ಕೆ ಒಂದೇ ಸಲ ಮಾಡೋರಿಗೆ, ಅದೂ ಬಾಲ್ ಜಾಯಿಂಟೂ ಬದಲಾಯಿಸಬೇಕು ಅನ್ನೋರಿಗೆ ಪ್ರೆಸ್ಸೇ ಸರಿ, ನಕಲ್ ಹೆಂಗೂ ಕೈಗೆ ಬಂದಿರುತ್ತೆ. ನಂಗೆ ಮಳೆ ಮುಗಿದ ಮೇಲೆ ಒಂದಾದ್ರೂ ಹೋಗಿರುತ್ತೆ, ಸಂಜೆ ಬಿಟ್ರೆ ಟೈಮಿಲ್ಲ, ದುಡ್ಡೂ ಅಷ್ಟಕ್ಕಷ್ಟೇ. ಹಿಂದಿನ ಎಡಗಡೇದು ಈಗ ಸಣ್ಣಗೆ ರಾಗ ತೆಗೀತಿದೆ, ಬೇರಿಂಗ್ ಫ್ರೀಜರಲ್ಲಿದೆ, ಮನೇಲಿ ಇನ್ನೂ ಯಾರೂ ನೋಡಿಲ್ಲ.