ಹೇಳಿ ಬಂದ ಲಾರಿ, ಕೇಳಿ ಬಂದ ಲಾರಿ: ದಾರಿ ತಕರಾರಿಗೆ ನಾನು ಬಳಸಿದ ನಾಲ್ಕು ಸೇವೆಗಳು

ಮೊದಲೇ ಅಂಕ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳಿಗೆ ಅಂಕ ಹಾಕದೆ ಮಾತು ಶುರುಮಾಡಲು ಬರುವುದಿಲ್ಲ. ಸರ್ವೆ ನಂಬ್ರ ತೋರಿಸುವ ದಿಶಾಂಕ್ ಆ್ಯಪ್‌ಗೆ ಹತ್ತರಲ್ಲಿ ಆರು. ಖಾಸಗಿಯಾಗಿ ಅಳೆದುಕೊಟ್ಟ ನಿವೃತ್ತ ಭೂಮಾಪಕರಿಗೆ ಒಂಬತ್ತು. ಮೊದಲು ಹಿಡಿದ ವಕೀಲರಿಗೆ ಮೂರು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಮಧ್ಯಸ್ಥಿಕೆಗೆ ಎಂಟೂವರೆ. ಆ ಒಂದೂವರೆ ಅಂಕ ಎಲ್ಲಿ ಹೋಯಿತೆಂದು ಕೊನೆಗೆ ಹೇಳುತ್ತೇನೆ.

ನಮ್ಮ ಮನೆ ದಕ್ಷಿಣ ಕನ್ನಡದ ಒಂದು ಅಡಿಕೆ ತೋಟದ ಒಳಗಿದೆ. ಪಂಚಾಯತಿ ರಸ್ತೆಯಿಂದ ಅಂಗಳಕ್ಕೆ 210 ಮೀಟರ್ ಮಣ್ಣಿನ ದಾರಿ. 1987ರಲ್ಲಿ ಅಪ್ಪ ಮತ್ತು ದೊಡ್ಡಪ್ಪ ಪಾಲಾದಾಗ ರಸ್ತೆಯಿಂದ ನಾಗಬನದವರೆಗಿನ 130 ಮೀಟರ್ ಜಂಟಿಯಾಗಿ ಉಳಿಯಿತು. ಅಲ್ಲಿಂದ ಮೇಲಿನ 80 ಮೀಟರ್ ದೊಡ್ಡಪ್ಪನ ಪಾಲಿನೊಳಗೆ ಸೇರಿತು. ಪಾಲುಪಟ್ಟಿಯಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಒಡೆತನದ ಎಂಟು ಹಕ್ಕುಗಳು, ಅಷ್ಟಭೋಗಗಳೆಲ್ಲ, ಸಾಲಾಗಿ ಕುಳಿತಿವೆ. ನಮ್ಮ ಗುಡ್ಡದಲ್ಲಿ ಎಂದೂ ಸಿಗದ ನಿಧಿಗೂ ಅದರಲ್ಲಿ ಜಾಗವಿದೆ. ದಿನವೂ ನಡೆಯುವ ದಾರಿಗೆ ಮಾತ್ರ ಎರಡೇ ಪದ: ‘ಮಾಮೂಲು ದಾರಿ’. ಅಗಲವೆಷ್ಟು, ಅದರಲ್ಲಿ ಏನೇನು ಹೋಗಬಹುದು, ರಿಪೇರಿ ಯಾರದು ಎಂಬುದೊಂದೂ ಇಲ್ಲ.

ದೊಡ್ಡಪ್ಪನ ಮಗ 2016ರಲ್ಲಿ ಪಾಲನ್ನು ಮಾರಿದ. ಕೊಂಡವರು ಊರು ಬಿಟ್ಟು ದುಡಿದು, ನಿವೃತ್ತಿಯ ನಂತರ ತೋಟ ಮಾಡಬೇಕೆಂದು ಬಂದವರು. ಕೆಟ್ಟವರಲ್ಲ. ಏಳು ವರ್ಷ ಒಬ್ಬರಿಗೊಬ್ಬರು ಹಲಸಿನ ಹಣ್ಣು ಕೊಟ್ಟುಕೊಂಡು ಇದ್ದೆವು. 2023ರ ನವೆಂಬರಿನಲ್ಲಿ ಅವರ ಬಾಳೆಗೊನೆಗಳು ಕಳವಾದವು. ನಾಗಬನದ ತಿರುವಿನಲ್ಲಿ ಎರಡು ಕೆಂಪುಕಲ್ಲಿನ ಕಂಬ ಎದ್ದವು, ನಡುವೆ ಕಬ್ಬಿಣದ ಗೇಟು ಬಂತು. ನಾನು ಟೇಪು ಹಿಡಿದೆ: ಕಂಬದಿಂದ ಕಂಬಕ್ಕೆ ಐದೂವರೆ ಅಡಿ. ಆಟೋ ನುಸುಳುತ್ತದೆ, ಪಿಕಪ್ ನುಸುಳುವುದಿಲ್ಲ. ಅಡಿಕೆ ಚೀಲ, ಗೊಬ್ಬರ, ಮದ್ದು ಬಿಡುವ ಪಂಪು, ಗ್ಯಾಸ್ ಸಿಲಿಂಡರು ಎಲ್ಲವೂ ನಾಗಬನದ ಬಳಿ ಇಳಿದು ಮೇಲಿನ 80 ಮೀಟರನ್ನು ಹೆಗಲ ಮೇಲೆ ಏರತೊಡಗಿದವು. ಕೇಳಿದರೆ ಅವರು ಶಾಂತವಾಗಿಯೇ ಉತ್ತರಿಸಿದರು: “ಮಾಮೂಲು ದಾರಿ ಎಂದರೆ ನಡೆಯುವ ದಾರಿ ಟೀಚರ್. ನಡೆಯುವುದಕ್ಕೆ ನಾನು ಯಾವತ್ತೂ ಅಡ್ಡಿ ಮಾಡುವುದಿಲ್ಲ.”

ದಿಶಾಂಕ್ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ಆ್ಯಪ್, ಉಚಿತ. ನಿಂತ ಜಾಗದ ಸರ್ವೆ ನಂಬ್ರವನ್ನು ಕ್ಷಣದಲ್ಲಿ ತೋರಿಸುತ್ತದೆ. ಜಾಗ ಕೊಳ್ಳುವ ಮೊದಲು ಸುತ್ತಮುತ್ತ ಏನಿದೆ, ಎಲ್ಲಿ ಸರಕಾರಿ ಭೂಮಿ ಇದೆ ಎಂದು ನೋಡಲು ಚಿನ್ನದಂಥ ಸಾಧನ. ಆದರೆ ಅಡಿಕೆ ಮರಗಳ ಕೆಳಗೆ ಮೊಬೈಲಿನ ನೀಲಿ ಚುಕ್ಕೆ ಮದ್ದಲೆಯ ಪೆಟ್ಟಿಗೆ ಕುಣಿಯುವಂತೆ ಕುಣಿಯುತ್ತದೆ. ನಾನು ನನ್ನ ಅಡುಗೆಮನೆಯಲ್ಲಿ ನಿಂತಿದ್ದಾಗ ಅದು ನನ್ನನ್ನು ಪಕ್ಕದವರ ಹಟ್ಟಿಯಲ್ಲಿ ಕಟ್ಟಿಹಾಕಿತ್ತು. ಮೂರು ಮೀಟರಿನ ಜಗಳಕ್ಕೆ ಹತ್ತು ಮೀಟರ್ ಆಚೀಚೆ ಆಗುವ ಸಾಧನ ಆಗದು. ಅದು ಗಡಿ ನಿರ್ಧರಿಸುವ ದಾಖಲೆಯೂ ಅಲ್ಲ. ಆ್ಯಪ್‌ನ ಪರದೆಯ ಚಿತ್ರವನ್ನು ನೆರೆಯವರ ಮುಖಕ್ಕೆ ಹಿಡಿಯಬೇಡಿ. ನಾನು ಹಿಡಿದೆ, ಆಮೇಲೆ ಒಂದು ತಿಂಗಳು ಮಾತು ನಿಂತಿತು.

ಹದ್ದುಬಸ್ತಿಗೆ ಅರ್ಜಿ ಹಾಕುವಂತೆ ಊರೆಲ್ಲ ಹೇಳಿತು. ಹದ್ದುಬಸ್ತು ಗಡಿ ಎಲ್ಲಿದೆ ಎಂದು ಹೇಳುತ್ತದೆ. ಆ ಗಡಿಯೊಳಗೆ ಯಾರು ನಡೆಯಬಹುದು, ಯಾವ ಗಾಡಿ ಓಡಬಹುದು ಎಂಬುದು ಅದರ ಪ್ರಶ್ನೆಯೇ ಅಲ್ಲ. ನಮ್ಮಲ್ಲಿ ಗಡಿಯ ಬಗ್ಗೆ ತಕರಾರಿರಲಿಲ್ಲ. ಮೇಲಿನ ದಾರಿ ಅವರ ಜಾಗದಲ್ಲಿದೆ ಎಂದು ನಾನೇ ಒಪ್ಪುತ್ತೇನೆ. ಹಾಗಾಗಿ ಆ ಅರ್ಜಿ ಹಾಕಲಿಲ್ಲ.

ಬದಲಿಗೆ ನಿವೃತ್ತ ಭೂಮಾಪಕರೊಬ್ಬರನ್ನು ಕರೆಸಿದೆ. ದೂರ, ಕೋನ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ, ಒಬ್ಬ ಸಹಾಯಕ, ಒಂದು ಕೊಡೆ. ಹನ್ನೆರಡು ಸಾವಿರ ತೆಗೆದುಕೊಂಡರು. ಅದರಲ್ಲಿ ಮಳೆಯಿಂದಾಗಿ ಎರಡನೆಯ ದಿನ ಬಂದದ್ದೂ ಸೇರಿದೆ. ಅವರು ಮೊದಲು ನೋಡಿದ್ದು ನೆಲವನ್ನಲ್ಲ, ಹಳೆಯ ಗ್ರಾಮ ನಕ್ಷೆಯನ್ನು. “ಒಂಟಿ ತುಂಡುಗೆರೆ ಇದ್ದರೆ ಕಾಲುದಾರಿ, ಜೋಡಿ ತುಂಡುಗೆರೆ ಇದ್ದರೆ ಗಾಡಿದಾರಿ,” ಎಂದು ಭೂತಗನ್ನಡಿ ನನ್ನ ಕೈಗೇ ಕೊಟ್ಟರು. ರಸ್ತೆಯಿಂದ ನಾಗಬನದವರೆಗೆ ಜೋಡಿ ಗೆರೆ. ಅಲ್ಲಿಂದ ನಮ್ಮ ಮನೆಗೆ, ನಕ್ಷೆಯ ಮೇಲೆ ಒಂದು ಸೆಂಟಿಮೀಟರಿನಷ್ಟು, ಒಂಟಿ ಗೆರೆ. ನನಗೆ ವಿರುದ್ಧವಾದ ಸಾಕ್ಷ್ಯವನ್ನು ನನ್ನ ದುಡ್ಡಿನಲ್ಲೇ ನನಗೆ ತೋರಿಸಿದರು. ಒಂಬತ್ತು ಅಂಕ ಅದಕ್ಕೇ. ನಕ್ಷೆಯನ್ನು ಅಡಿಯಲ್ಲೂ ಮೀಟರಿನಲ್ಲೂ ಗುರುತಿಸಿ, ದಾರಿಯ ಮಧ್ಯರೇಖೆಯನ್ನು ಬಾವಿಯ ಮೂಲೆಯಿಂದ ಮತ್ತು ನಾಗಬನದ ಕಟ್ಟೆಯಿಂದ ಅಳೆದು ಬರೆದುಕೊಟ್ಟರು. ಮರದಿಂದ ಅಳೆಯಬಾರದಂತೆ, ಮರ ಬೀಳುತ್ತದೆ.

ವಕೀಲರ ವಿಷಯವನ್ನು ಬೇಗ ಮುಗಿಸುತ್ತೇನೆ. ಪಾಲುಪಟ್ಟಿಯನ್ನು ಓದುವ ಮೊದಲೇ ದಾವೆ, ತಾತ್ಕಾಲಿಕ ತಡೆಯಾಜ್ಞೆ, ಗೇಟು ಕೆಡವುವ ಆದೇಶ ಎಂದೆಲ್ಲ ಮಾತಾಡಿದರು. ಮುಂಗಡ ಇಪ್ಪತ್ತೈದು ಸಾವಿರ. ಮೂರು ಅಂಕ ಕೊಟ್ಟದ್ದು ಅವರು ಕಳುಹಿಸಿದ ನೋಟಿಸಿಗೆ. ಅದು ಸಕಾಲಕ್ಕೆ ಹೋಯಿತು. ಅದರ ಮಹತ್ವ ನನಗೆ ಆಮೇಲೆ ತಿಳಿಯಿತು.

ಕಾನೂನು ಸೇವಾ ಸಮಿತಿಗೆ ಹೋಗಲು ಹೇಳಿದವಳು ನನ್ನ ಹಳೆಯ ವಿದ್ಯಾರ್ಥಿನಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಪಿಂಚಣಿ ಬರುತ್ತದೆಂದು ನಾನು ಹಿಂಜರಿದಿದ್ದೆ; ಅದು ಅಡ್ಡಿಯಲ್ಲ. ದಾವೆ ಹೂಡುವ ಮೊದಲೇ ಅರ್ಜಿ ಕೊಡಬಹುದು. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ, ಶುಲ್ಕವಿಲ್ಲ.

ನನಗೆ ಕೊಟ್ಟ ಯುವ ವಕೀಲೆ ಮೊದಲ ದಿನವೇ 1882ರ ಈಸ್‌ಮೆಂಟ್ ಕಾಯ್ದೆಯನ್ನು, ಅಂದರೆ ಅನುಭೋಗದ ಹಕ್ಕಿನ ಕಾಯ್ದೆಯನ್ನು, ತೆರೆದಿಟ್ಟರು. ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಜಿಲ್ಲೆಗೆ ಅದು ಮೊದಲ ದಿನದಿಂದಲೇ ಅನ್ವಯವಾದ ಕಾಯ್ದೆ. ಆ ಒಂದು ಗಂಟೆಯಲ್ಲಿ ನನಗೆ ತಿಳಿದದ್ದು ಇದು. ನಮ್ಮ ದಾರಿ ಕಣ್ಣಿಗೆ ಒಂದೇ, ಕಾನೂನಿಗೆ ಎರಡು. ಕೆಳಗಿನ 130 ಮೀಟರಿಗೆ ನಾವಿಬ್ಬರೂ ಒಡೆಯರು. ಪ್ರತಿ ಅಂಗುಲದಲ್ಲೂ ಇಬ್ಬರಿಗೂ ಹಕ್ಕು, ಅಡ್ಡಗಟ್ಟುವ ಹಕ್ಕು ಯಾರಿಗೂ ಇಲ್ಲ. ಮೇಲಿನ 80 ಮೀಟರ್ ಅವರ ನೆಲ. ನನಗಿರುವುದು ಅದರ ಮೇಲೆ ಹಾದುಹೋಗುವ ಅನುಭೋಗದ ಹಕ್ಕು ಮಾತ್ರ. ನನ್ನ ನೆಲದ ಮೇಲೆ ನನಗೇ ಅಂಥ ಹಕ್ಕು ಇರಲಾರದು, ಇನ್ನೊಬ್ಬರ ನೆಲದ ಮೇಲೆ ಮಾತ್ರ ಇರಬಹುದು.

28ನೆಯ ಕಲಂ ಓದಿದಾಗ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಪಕ್ಷಗಳ ಉದ್ದೇಶ ಏನಿತ್ತೆಂಬುದಕ್ಕೆ ಪುರಾವೆ ಇಲ್ಲದಿದ್ದರೆ, ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯ ಹಕ್ಕು ಸೇರುವುದಿಲ್ಲ. ಕಾಲಿನ ಹಕ್ಕು ಚಕ್ರದ ಹಕ್ಕಲ್ಲ. ನೆರೆಯವರ ಮಾತಿಗೆ ಪುಸ್ತಕದಲ್ಲಿ ಆಧಾರವಿತ್ತು!

ನನ್ನ ಆಧಾರ 15ನೆಯ ಕಲಮಿನಲ್ಲಿತ್ತು. ಇಪ್ಪತ್ತು ವರ್ಷ ಶಾಂತವಾಗಿ, ಬಹಿರಂಗವಾಗಿ, ಹಕ್ಕೆಂದು ತಿಳಿದು, ತಡೆಯಿಲ್ಲದೆ ಬಳಸಿದರೆ ಅದು ಹಕ್ಕಾಗುತ್ತದೆ. ಅಪ್ಪ ಹಳೆಯ ಜೀಪು ಕೊಂಡದ್ದು 1994ರಲ್ಲಿ. ತಂಗಿಯ ಮದುವೆಯ ಫೋಟೋದಲ್ಲಿ ಹೂಮಾಲೆ ಹಾಕಿಕೊಂಡ ಜೀಪು ನಮ್ಮ ಅಂಗಳದಲ್ಲೇ ನಿಂತಿದೆ. ಗೇಟು ಬರುವ ಹೊತ್ತಿಗೆ ಇಪ್ಪತ್ತೊಂಬತ್ತು ವರ್ಷ. ಆದರೆ ತಡೆ ಬಂದಾಗ ಅದು ಗೊತ್ತಿದ್ದೂ ಒಂದು ವರ್ಷ ಸುಮ್ಮನೆ ಒಪ್ಪಿಕೊಂಡಿದ್ದರೆ ಕಾಯ್ದೆಯ ಕಣ್ಣಿಗೆ ಸರಪಳಿ ತುಂಡಾದಂತೆ. ಮೂರು ಅಂಕದ ವಕೀಲರ ನೋಟಿಸು ನನ್ನನ್ನು ಕಾಪಾಡಿದ್ದು ಇಲ್ಲಿ.

ಇನ್ನೊಂದು ಪುರಾವೆಯೂ ಇತ್ತು, ಅಪ್ಪನ ಡೈರಿಗಳು. ಹೆಮ್ಮೆಯಿಂದಲೇ ಹೊತ್ತುಕೊಂಡು ಹೋದೆ. ಪ್ರತಿ ವರ್ಷ ಚಾಲಿ ಅಡಿಕೆ ಸಾಗಿಸುವ ದಿನದ ನಮೂದು: ‘ಅಣ್ಣನಲ್ಲಿ ಹೇಳಿ ಲಾರಿ ತರಿಸಿದೆ.’ ವಕೀಲೆ ಪುಟ ತಿರುಗಿಸುತ್ತಾ ಒಂದು ಕಡೆ ನಿಂತರು. ಅಲ್ಲಿ ‘ಅಣ್ಣನಲ್ಲಿ ಕೇಳಿ ಲಾರಿ ತರಿಸಿದೆ’ ಎಂದಿತ್ತು. “ಟೀಚರ್, ಹೇಳಿ ತಂದರೆ ಅದು ಹಕ್ಕು. ಕೇಳಿ ತಂದರೆ ಅದು ಅನುಮತಿ. ಅನುಮತಿಯಿಂದ ನೂರು ವರ್ಷ ಬಳಸಿದರೂ ಹಕ್ಕು ಹುಟ್ಟುವುದಿಲ್ಲ.”

ಅಂದು ರಾತ್ರಿ ಎಲ್ಲ ಡೈರಿಗಳನ್ನು ಹರಡಿಕೊಂಡು ಕುಳಿತು ಎಣಿಸಿದೆ. ಒಟ್ಟು ಇಪ್ಪತ್ತಮೂರು ನಮೂದು. ಹದಿನಾಲ್ಕು ‘ಹೇಳಿ’. ಆರು ‘ಕೇಳಿ’. ಉಳಿದ ಮೂರರಲ್ಲಿ ಅಪ್ಪನ ಮೊದಲ ಅಕ್ಷರ ಹೇ ಎಂದೂ ಓದಬಹುದು, ಕೇ ಎಂದೂ ಓದಬಹುದು. ಅಣ್ಣನ ಮುಂದೆ ತಮ್ಮ ಹೇಳಿದರೇನು, ಕೇಳಿದರೇನು? ಅಪ್ಪನಿಗೆ ಎರಡೂ ಒಂದೇ ದಾಕ್ಷಿಣ್ಯದ ಮಾತು. ಆ ದಾಕ್ಷಿಣ್ಯಕ್ಕೆ ಕಲಮುಗಳಿವೆ ಎಂದು ಅವರಿಗೆ ಯಾರು ಹೇಳಿದ್ದರು? ನ್ಯಾಯಾಲಯಕ್ಕೆ ಹೋದರೆ ಆ ಡೈರಿಯನ್ನು ಎದುರು ವಕೀಲರು ಓದುತ್ತಾರೆ, ಅಪ್ಪನ ವಿನಯವನ್ನು ಅವರ ಮಗಳ ವಿರುದ್ಧ ನಿಲ್ಲಿಸುತ್ತಾರೆ. ದಾವೆ ಬೇಡವೆಂದು ನಾನು ನಿರ್ಧರಿಸಿದ್ದು ಆ ರಾತ್ರಿ. ಸೋಲುವ ಭಯವೂ ಇತ್ತು, ಮುಚ್ಚಿಡುವುದಿಲ್ಲ.

ಮಧ್ಯಸ್ಥಿಕೆಗೆ ಐದು ಬಾರಿ ಕುಳಿತೆವು. ಒಳಗೆ ಆಡಿದ ಮಾತನ್ನು ಹೊರಗೆ ಹೇಳಬಾರದೆಂಬುದು ನಿಯಮ, ಹಾಗಾಗಿ ಹೇಳುವುದಿಲ್ಲ. ವಿಧಾನ ಹೇಳಬಹುದು. ಮಧ್ಯಸ್ಥರು ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಜೊತೆಗೆ ಕೂರಿಸುತ್ತಾರೆ, ಬೇರೆ ಬೇರೆಯಾಗಿಯೂ ಮಾತಾಡಿಸುತ್ತಾರೆ. ನಮ್ಮ ಮಧ್ಯಸ್ಥರಿಗೆ ಅಡಿಕೆ ತೋಟ ಗೊತ್ತಿತ್ತು. ಕೊಯ್ಲು ಎಷ್ಟು ದಿನ, ಮದ್ದು ಎಷ್ಟು ಸಲ ಎಂದು ನಾನು ವಿವರಿಸಬೇಕಾಗಲಿಲ್ಲ. ಮೂರನೆಯ ಬಾರಿ ಅವರು ಭೂಮಾಪಕರ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಸ್ಕೇಲು, ಪೆನ್ಸಿಲು ಕೊಟ್ಟರು. ಗೆರೆ ಎಳೆಯುವುದು ಶುರುವಾದ ಮೇಲೆ ದನಿಗಳು ಇಳಿದವು.

ಒಪ್ಪಂದ ಹೀಗಿದೆ. ಮೇಲಿನ ದಾರಿಗೆ ಒಂಬತ್ತು ಅಡಿ ಅಗಲ. ಪಿಕಪ್‌ವರೆಗಿನ ವಾಹನ ಹೋಗಬಹುದು, ಲಾರಿ ನಾಗಬನದಲ್ಲೇ ನಿಲ್ಲಬೇಕು. ಗೇಟು ಇರಲಿ, ಅಗಲವಾಗಲಿ, ಹಗಲು ಬೀಗವಿಲ್ಲ, ರಾತ್ರಿಯ ಬೀಗಕ್ಕೆ ಎರಡು ಕೀಲಿ. ದಾರಿ ಹಾದುಹೋಗಲು, ವಾಹನ ನಿಲ್ಲಿಸಿಡಲು ಅಲ್ಲ. ಕೆಳಗಿನ ಭಾಗದ ರಿಪೇರಿ ಸಮಪಾಲು. ಮೇಲಿನ ಭಾಗದ್ದು ಕಾಯ್ದೆಯ ಪ್ರಕಾರ ಹಕ್ಕು ಪಡೆದವರದ್ದೇ ಖರ್ಚು. ಆದರೆ ಅವರ ಪಿಕಪ್ ಕೂಡ ಅಲ್ಲೇ ಓಡುವುದರಿಂದ ಮೂರನೆಯ ಒಂದು ಪಾಲು ಕೊಡಲು ಅವರೇ ಮುಂದೆ ಬಂದರು. ನಾನೂ ಬಿಟ್ಟುಕೊಟ್ಟದ್ದಿದೆ: ಅವರ ಪಂಪಿನ ಪೈಪು ನನ್ನ ತೋಡಿನ ಬದಿಯಲ್ಲಿ ಹೋಗಲು ಜಾಗ. ನಡೆಯುವ ಹಕ್ಕಿನಲ್ಲಿ ನೆಲದಡಿಯ ಪೈಪು, ತಂತಿ ತಾನಾಗಿ ಸೇರಿಬಿಡುವುದಿಲ್ಲ, ಬೇರೆಯಾಗಿ ಬರೆಸಬೇಕು ಎಂದು ವಕೀಲೆ ನೆನಪಿಸದಿದ್ದರೆ ನನ್ನ ನೀರಿನ ಪೈಪಿನ ಮಾತೇ ಬಿಟ್ಟುಹೋಗುತ್ತಿತ್ತು.

80 ಮೀಟರಿಗೆ ಒಂಬತ್ತು ಅಡಿ ಎಂದರೆ ಸುಮಾರು ಐದೂವರೆ ಸೆಂಟ್ಸ್. ಈಗಲೂ ಅದು ಅವರದೇ ನೆಲ. ಅಷ್ಟು ಜಾಗದಲ್ಲಿ ಅವರು ಒಂದು ಬಾಳೆಯನ್ನೂ ನೆಡಲಾರರು. ಈ ಲೆಕ್ಕವನ್ನು ನಾನು ಮೊದಲೇ ಮಾಡಿದ್ದರೆ ಆ್ಯಪ್ ಹಿಡಿದುಕೊಂಡು ಹೋಗುತ್ತಿರಲಿಲ್ಲ.

2025ರ ಮಾರ್ಚಿನಲ್ಲಿ ಲೋಕ ಅದಾಲತ್‌ನಲ್ಲಿ ಇದನ್ನು ದಾಖಲಿಸಿದೆವು. ಅಲ್ಲಿನ ಆದೇಶಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಇಲ್ಲಿ ಎಚ್ಚರ ಬೇಕು. ಸಹಿ ಮಾಡಿ ಮನೆಗೆ ಬಂದ ಮೇಲೆ ‘ಹತ್ತು ಅಡಿ ಕೇಳಬಹುದಿತ್ತು’ ಎಂದು ಅನ್ನಿಸಿದರೆ ಏನೂ ಮಾಡಲಾಗದು. ನಂತರ ದಾರಿಯ ಹಕ್ಕಿನ ಪತ್ರವನ್ನು ನಕ್ಷೆಯ ಸಹಿತ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದೆವು. ನಾಳೆ ಯಾರಾದರೂ ಆ ಜಾಗ ಕೊಳ್ಳಲು ಬಂದು ಋಣಭಾರ ಪತ್ರ ತೆಗೆಸಿದರೆ ನನ್ನ ದಾರಿ ಅಲ್ಲಿ ಕಾಣಬೇಕು. 2016ರಲ್ಲಿ ಕೊಂಡವರಿಗೆ ಅದು ಕಾಣಲಿಲ್ಲ, ಅವರ ತಪ್ಪೂ ಅಷ್ಟೇ ಇತ್ತು.

ಇನ್ನು ಆ ಒಂದೂವರೆ ಅಂಕ. ಒಂದು ಅಂಕ ಕಳೆದದ್ದು ಕಾಯುವಿಕೆಗೆ: ಎರಡು ಬಾರಿ ಬೆಳಿಗ್ಗೆ ಹತ್ತಕ್ಕೆ ಹೋಗಿ ಮಧ್ಯಾಹ್ನದ ನಂತರ ದಿನಾಂಕ ಮುಂದೂಡಿದ್ದು ತಿಳಿಯಿತು, ಫೋನ್ ಮಾಡಿದ್ದರೆ ಸಾಕಿತ್ತು. ಅರ್ಧ ಅಂಕ ಮೆಟ್ಟಿಲುಗಳಿಗೆ. ದಾರಿಯ ತಕರಾರು ತರುವವರಲ್ಲಿ ಅರ್ಧಕ್ಕರ್ಧ ಮಂಡಿನೋವಿನ ವಯಸ್ಸಿನವರು. ಕೊಠಡಿ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ನೀರಿನ ಬಾಟಲಿ ಒಯ್ಯಿರಿ. ಪಾಲುಪಟ್ಟಿಯ ಮೂರು ನಕಲು, ಗ್ರಾಮ ನಕ್ಷೆ, ವಾಹನ ಕಾಣುವ ಹಳೆಯ ಫೋಟೋಗಳನ್ನೂ ಒಯ್ಯಿರಿ. ಮನೆಯಲ್ಲಿ ಡೈರಿ ಇದ್ದರೆ ಮೊದಲು ನೀವೇ ಓದಿ.

ಭೂಮಾಪಕರು ನಿಲ್ಲಿಸಿದ ಆರು ಕಲ್ಲುಗಳಲ್ಲಿ ನಾಗಬನದ ಪಕ್ಕದ್ದು ಈ ಮಳೆಗೆ ವಾಲಿದೆ. ಕಂಡು ಫೋನ್ ಮಾಡಿದವರು ನೆರೆಯವರೇ. ದೀಪಾವಳಿ ಕಳೆದು ನೆಲ ಗಟ್ಟಿಯಾದ ಮೇಲೆ ಬಂದು ಸರಿಮಾಡುತ್ತೇನೆ, ದುಡ್ಡು ಬೇಡ ಎಂದು ಭೂಮಾಪಕರು ಹೇಳಿದ್ದಾರೆ. ಬಂದರೆ ಅವರ ಒಂಬತ್ತನ್ನು ಒಂಬತ್ತೂವರೆ ಮಾಡುತ್ತೇನೆ.