ಎಚ್ಚರಿಕೆ: ಕುರಿ ಗೊಬ್ಬರ ಅಂತ ಟಿಪ್ಪರ್ ಲೆಕ್ಕದಲ್ಲಿ ತರಿಸೋರು ಮೊದಲು ಇದನ್ನ ಓದಿ

ಚಿಂತಾಮಣಿ, ಶಿಡ್ಲಘಟ್ಟ, ಶ್ರೀನಿವಾಸಪುರ ಕಡೆ ಯಾರಾದ್ರೂ ತೋಟ ದೊಡ್ಡದು ಮಾಡೋಕೆ ಹೊರಟಿದ್ರೆ, ಅದಕ್ಕೆ ಹೊರಗಿಂದ ಗೊಬ್ಬರ ತರಿಸೋ ಯೋಚನೆ ಇದ್ರೆ, ದಯವಿಟ್ಟು ಪೂರ್ತಿ ಓದಿ. ದುಡ್ಡು ಹೋಯ್ತು, ಅದು ಬೇರೆ ಮಾತು. ಮಣ್ಣಿಗೆ ಆದ ಅನ್ಯಾಯಕ್ಕೆ ಹೊಟ್ಟೆ ಉರೀತಿದೆ.

ನಮ್ಮದು ಉಳುಮೆ ಮಾಡದ, ರಾಸಾಯನಿಕ ಹಾಕದ ಮನೆ ಮಂದಿಯ ತೋಟ. ಸುತ್ತಮುತ್ತಲ ಮನೆಗಳಿಗೆ ವಾರವಾರ ಸೊಪ್ಪು ತರಕಾರಿ ಹೋಗುತ್ತೆ. ಕೇಳೋ ಮನೆಗಳು ಜಾಸ್ತಿ ಆದವು ಅಂತ ಪಕ್ಕದ ಜಮೀನು ಗುತ್ತಿಗೆಗೆ ತಗೊಂಡ್ವಿ, ನೀಲಗಿರಿ ಕಡಿದು ಬೇರು ಕಿತ್ತ ಕೆಂಪು ಮಣ್ಣು. ಇಂಥ ಮಣ್ಣಿಗೆ ಶುರುವಿನಲ್ಲಿ ಒಂದು ಸಲ ಗೊಬ್ಬರ ಹೊರಗಿಂದ ಬೇಕೇ ಬೇಕು, ಇರೋ ಎರಡು ಹಸುವಿನ ತಿಪ್ಪೆ ಎಲ್ಲಿಗೂ ಸಾಲಲ್ಲ. ಲೆಕ್ಕ ಹೀಗೆ: ಎರಡೂವರೆ ಅಡಿ ಅಗಲ, 50 ಅಡಿ ಉದ್ದದ ಒಂದು ಬೆಡ್ಡಿಗೆ ಒಂದು ಇಂಚು ದಪ್ಪ ಹರಡೋಕೆ ಸುಮಾರು 10 ಘನ ಅಡಿ. ನಡುವೆ ಒಂದೂವರೆ ಅಡಿ ದಾರಿ ಬಿಟ್ಟರೆ ಅರ್ಧ ಎಕರೆಗೆ ಹತ್ತತ್ತಿರ 100 ಬೆಡ್ಡು, ಅಂದ್ರೆ 1000 ಘನ ಅಡಿ. 14 ಅಡಿ ಉದ್ದ, 7 ಅಡಿ ಅಗಲ, 3 ಅಡಿ ಎತ್ತರದ ಟಿಪ್ಪರ್‌ನಲ್ಲಿ 300 ಘನ ಅಡಿ ಹಿಡಿಯುತ್ತೆ. ನಾಲ್ಕು ಲೋಡು.

ವ್ಯವಹಾರ ಹೇಗೆ ನಡೆಯುತ್ತೆ ಅಂತ ನಿಮಗೆಲ್ಲ ಗೊತ್ತೇ ಇದೆ. ಫೋನಲ್ಲಿ ಮಾತು, ಒಂದು ಫೋಟೊ, ಒಂದು ಹಿಡಿ ಸ್ಯಾಂಪಲ್, ಅಡ್ವಾನ್ಸ್, ಆಮೇಲೆ ಲೋಡು. "ಎರಡು ವರ್ಷದ ಕುರಿ ಗೊಬ್ಬರ ಸಾರ್, ಕೈಯಲ್ಲಿ ಹಿಡಿದ್ರೆ ಕಾಫಿ ಪುಡಿ ಇದ್ದಂಗೆ" ಅಂದ ವ್ಯಾಪಾರಿ. ಮೊದಲ ಲೋಡು ಹಾಗೇ ಇತ್ತು. ಅಗೆದು ನೋಡಿದ್ವಿ, ಮೂಸಿದ್ವಿ, ನೀರಲ್ಲಿ ಕಲಕಿ ನೋಡಿದ್ವಿ, ಅಪ್ಪಟ. ಅದನ್ನ ತೋರಿಸಿ "ಉಳಿದದ್ದೂ ಇದೇ ರಾಶಿ, ಬೇರೆಯವರು ಕೇಳ್ತಿದ್ದಾರೆ, ಪೂರ್ತಿ ದುಡ್ಡು ಹಾಕಿ ಹಿಡಿದಿಡ್ತೀನಿ" ಅಂದ. ಬಲೆ ಇರೋದು ಇಲ್ಲೇ. ಮೊದಲ ಲೋಡು ಚೆನ್ನಾಗಿ ಕೊಡೋದೇ ಉಳಿದ ದುಡ್ಡು ಮೊದಲೇ ಕೈಗೆ ಬರಲಿ ಅಂತ.

ಉಳಿದ ಲೋಡುಗಳು ಬಂದಿದ್ದು ಕತ್ತಲಾದ ಮೇಲೆ. ತಾಡಪಾಲು ತೆಗೆದ್ರೆ ಮೇಲೆ ಮುಕ್ಕಾಲು ಅಡಿ ಒಳ್ಳೇ ಕುರಿ ಹಿಕ್ಕೆ. ಡ್ರೈವರ್ ಇಂಜಿನ್ ಆಫ್ ಮಾಡಲೇ ಇಲ್ಲ, "ಇನ್ನೊಂದು ಟ್ರಿಪ್ ಇದೆ ಅಣ್ಣಾ" ಅಂತ ಜಾಕ್ ಎತ್ತಿ ಸುರಿದು ಹೊರಟ. ಬೆಳಿಗ್ಗೆ ಹರಡೋಕೆ ಆಳುಗಳನ್ನ ಮೊದಲೇ ಗೊತ್ತು ಮಾಡಿದ್ವಿ. ಅವರಲ್ಲಿ ಒಬ್ಬರು ಹೆಂಗಸು ಎರಡನೇ ಬಾಂಡ್ಲಿ ತುಂಬುವಾಗಲೇ ಮುಖಕ್ಕೆ ಸೆರಗು ಹಿಡಿದು ಹೇಳಿದ್ರು: "ಅಣ್ಣಾ, ಇದು ಕುರೀದಲ್ಲ. ಕೋಳೀದು. ಹಸೀದು." ಅಷ್ಟರಲ್ಲಿ ಆ ಕಡೆ ಸಾಲಿನವರು ಹತ್ತಾರು ಬೆಡ್ಡಿಗೆ ಹರಡಿ ಆಗಿತ್ತು. ಎಲ್ಲರ ಮುಂದೆ ಆ ರಾಶಿ ಪಕ್ಕ ನಿಂತಾಗ ಆದ ಅವಮಾನ ಹೇಳೋಕೆ ಆಗಲ್ಲ. ರಾಶಿ ಒಡೆದ್ರೆ ಒಳಗೆ ಬತ್ತದ ಹೊಟ್ಟು ಅಂಟಿದ ಹಸಿ ಕೋಳಿ ಗೊಬ್ಬರ, ಅದಕ್ಕೆ ಬೆರೆಸಿದ ಕೆರೆಗೋಡು, ಅಂದ್ರೆ ಕೆರೆಯ ಹೂಳು ಮಣ್ಣು, ಗೋಡಿನ ಜೊತೆ ಜೇಕು ಕಳೆಯ ಗಡ್ಡೆ. ಕಣ್ಣಲ್ಲಿ ನೀರು ಬರೋ ಅಮೋನಿಯ ವಾಸನೆ.

ಕೆರೆಗೋಡು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ನಮ್ಮ ಕೆಂಪು ಮಣ್ಣಿಗೆ ಗೋಡು ಹೊಡೆಸೋದು ತಲೆತಲಾಂತರದಿಂದ ಬಂದದ್ದು, ನೀರು ಹಿಡಿಯೋ ಜೇಡಿ ಸಿಗುತ್ತೆ. ಆದ್ರೆ ಗೋಡನ್ನ ಗೋಡಿನ ರೇಟಿಗೆ ಮಾರಬೇಕು. ಗೊಬ್ಬರದ ರೇಟಿಗೆ ಮಾರೋದು ಮೋಸ. ಮೋಸ ಅಷ್ಟೇ.

ಈಗ, ಕೇಳಿದಾಗ ಆ ವ್ಯಾಪಾರಿ ಕೊಟ್ಟ ಉತ್ತರಗಳು. ಒಂದೊಂದೂ ಬರೀತೀನಿ, ಯಾಕಂದ್ರೆ ನಿಮಗೂ ಇದೇ ಮಾತು ಬರುತ್ತೆ.

"ಗೊಬ್ಬರ ಅಂದ್ಮೇಲೆ ಮಣ್ಣು ಬರದೇ ಇರುತ್ತಾ ಸಾರ್?" ಬರುತ್ತೆ. ಕುರಿ ರೊಪ್ಪದ ನೆಲ ಕೆರೆದು ತುಂಬುವಾಗ ಸ್ವಲ್ಪ ಮಣ್ಣು ಬಂದೇ ಬರುತ್ತೆ. ಸ್ವಲ್ಪ. ಅರ್ಧಕ್ಕರ್ಧ ಅಲ್ಲ.

"ತೂಕದ ಚೀಟಿ ನೋಡಿ ಸಾರ್, ಬೇರೆಯವರು 5 ಟನ್ ಕೊಡ್ತಾರೆ, ನಾನು 9 ಟನ್ ಕೊಟ್ಟಿದೀನಿ." ಇದು ಕೇಳಿ ಮೈ ಉರಿದು ಹೋಯ್ತು. ಮೋಸಕ್ಕೆ ಸಾಕ್ಷಿನೇ ಅದು! 300 ಘನ ಅಡಿ ಅಂದ್ರೆ ಸುಮಾರು ಎಂಟೂವರೆ ಘನ ಮೀಟರ್. ಕಳಿತ ಒಣ ಗೊಬ್ಬರ ಘನ ಮೀಟರಿಗೆ 500 ಕೆಜಿ ಆಸುಪಾಸು ತೂಗುತ್ತೆ, ಮಣ್ಣು 1300ರ ಮೇಲೆ. ಅದೇ ಟಿಪ್ಪರ್, ಅದೇ ಮಟ್ಟ, ತೂಕ ಮಾತ್ರ ಹತ್ತತ್ತಿರ ಎರಡರಷ್ಟು ಅಂದ್ರೆ ಒಳಗೆ ಮಣ್ಣೋ ನೀರೋ ಇದೆ ಅಂತಲೇ ಅರ್ಥ. ಭಾರ ಜಾಸ್ತಿ ಇದ್ದಷ್ಟೂ ಗೊಬ್ಬರ ಕಡಿಮೆ. ನೆನಪಿಡಿ, ಭಾರ ಜಾಸ್ತಿ ಇದ್ದಷ್ಟೂ ಗೊಬ್ಬರ ಕಡಿಮೆ.

"ವಾಸನೆ ಇದ್ರೇನೇ ಪವರ್." ಕೋಳಿ ಹಿಕ್ಕೆಯ ಯೂರಿಕ್ ಆಮ್ಲ ಒಡೆದು ನೀರು ತಾಗಿದ ಮೇಲೆ ಅಮೋನಿಯ ಆಗುತ್ತೆ. ಎಳೆ ಬೇರಿನ ತುದಿ ಸುಡೋದು ಅದೇ, ಎರೆಹುಳು ಸಾಯೋದು ಅದರಿಂದಲೇ. ಆಗಲೇ ಹರಡಿದ್ದ ಬೆಡ್ಡುಗಳಿಗೆ ಡ್ರಿಪ್ ನೀರು ಹರಿಸಿದ ಮೇಲೆ ಬಿಳಿ ಉಪ್ಪಿನ ಪೊರೆ ಕಟ್ಟಿತು, ಬೀನ್ಸ್ ಅರ್ಧ ಮೊಳೆಯಲೇ ಇಲ್ಲ, ಮೊಳೆತದ್ದು ಎಲೆ ಅಂಚು ಸುಟ್ಟುಕೊಂಡು ನಿಂತಿತು.

"ಟೊಮೆಟೊ ಬೆಳೆಯೋರು ಇದನ್ನೇ ಹತ್ತು ಲೋಡು ಹಾಕ್ತಾರೆ, ಒಬ್ಬರೂ ಮಾತಾಡಲ್ಲ, ನಿಮ್ಮಂಥ ಸಾವಯವದೋರದ್ದೇ ತಕರಾರು." ಉತ್ತು ಮಣ್ಣಲ್ಲಿ ಬೆರೆಸಿ ತಿಂಗಳುಗಟ್ಟಲೆ ಬಿಡೋರ ಲೆಕ್ಕವೇ ಬೇರೆ. ನಾವು ಮೇಲೆ ಹರಡಿ ಅದರಲ್ಲೇ ಬೀಜ ಹಾಕೋರು. ಮನೆಯವರು ಹಸಿಯಾಗೇ ತಿನ್ನೋ ಮೂಲಂಗಿ, ಕೊತ್ತಂಬರಿ ಆ ಮಣ್ಣು ಮುಟ್ಟಿಕೊಂಡು ಬೆಳೆಯುತ್ತೆ. ಅಮೆರಿಕದ ಸಾವಯವ ನಿಯಮದಲ್ಲಿ ಹಸಿ ಗೊಬ್ಬರ ಹಾಕಿದ್ರೆ ಮಣ್ಣು ಮುಟ್ಟೋ ಬೆಳೆಯ ಕೊಯ್ಲಿಗೆ 120 ದಿನ, ಮುಟ್ಟದ್ದಕ್ಕೆ 90 ದಿನ ಅಂತರ ಬೇಕು ಅಂತ ಇದೆ. ಸುಮ್ಮನೆ ಇಟ್ಟಿದ್ದಲ್ಲ ಅದು, ಹಿಕ್ಕೆಯಲ್ಲಿರೋ ರೋಗಾಣು ಸೊಪ್ಪಿನ ಜೊತೆ ಹೊಟ್ಟೆಗೆ ಹೋಗಬಾರದು ಅಂತ. ನಂಬಿ ತಗೊಳ್ಳೋ ಮನೆಗಳಿಗೆ ಫೋನ್ ಮಾಡಿ ಸೊಪ್ಪು ಸದ್ಯಕ್ಕೆ ಇಲ್ಲ ಅಂತ ಹೇಳೋಕೆ ನಾಲಿಗೆ ಏಳಲಿಲ್ಲ.

ಕೊನೆಗೆ, "ನನ್ನ ರಾಶಿದಲ್ಲ ಅದು, ಡ್ರೈವರ್ ಎಲ್ಲಿಂದ ತುಂಬಿದ್ನೋ." ಬಿಲ್ ಕೇಳಿದ್ರೆ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ಮೆಸೇಜು. ಆಮೇಲೆ ಫೋನೇ ಎತ್ತಲಿಲ್ಲ.

ಮಾಡಬೇಕಾದ್ದು ಹೇಳ್ತೀನಿ. ಪ್ರತಿ ಲೋಡಿಗೂ ಮಾಡಿ, ಮೊದಲ ಲೋಡಿಗೆ ಮಾತ್ರ ಅಲ್ಲ. ಹಗಲು ಹೊತ್ತೇ ಬರಲಿ. ಬೆಡ್ಡಿನ ಹತ್ತಿರ ಸುರಿಸಬೇಡಿ, ಬೇರೆ ಕಡೆ ಶೀಟ್ ಹಾಸಿ ಸುರಿಸಿ. ರಾಶಿಯ ಬುಡ, ನಡು, ಮೇಲು ಹತ್ತು ಕಡೆಯಿಂದ ಹಿಡಿ ಹಿಡಿ ತೆಗೆದು ಕಲಸಿ. ಒಂದು ಲೀಟರ್ ಬಾಟಲಿಗೆ ಮೂರನೇ ಒಂದು ಭಾಗ ಗೊಬ್ಬರ, ಉಳಿದದ್ದು ನೀರು, ಚಿಟಿಕೆ ಸೋಪಿನ ಪುಡಿ, ಜೋರಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತೆ, ನುಣ್ಣನೆ ಮಣ್ಣು ಗಂಟೆಗಟ್ಟಲೆ ತಗೊಳ್ಳುತ್ತೆ, ಗೊಬ್ಬರದ ನಾರು ತೇಲುತ್ತೆ ಇಲ್ಲ ಸಡಿಲವಾಗಿ ಮೇಲೆ ಕೂರುತ್ತೆ. ತಳದ ಪದರದ ದಪ್ಪ ನೋಡಿದ್ರೆ ಸಾಕು. ಇನ್ನೂ ಗಟ್ಟಿ ಸಾಕ್ಷಿ ಬೇಕಾ, ಚೆನ್ನಾಗಿ ಒಣಗಿಸಿ 100 ಗ್ರಾಂ ತೂಗಿ, ಹಳೇ ಕಬ್ಬಿಣದ ಬಾಣಲೆಯಲ್ಲಿ ಬಯಲಲ್ಲಿ ಸುಡಿ, ಕಪ್ಪು ಹೋಗಿ ಬೂದು ಬಣ್ಣ ಬರೋ ತನಕ. ಸುಟ್ಟು ಹೋಗಿದ್ದು ಗೊಬ್ಬರ, ಉಳಿದದ್ದು ಮಣ್ಣು, ಜೊತೆಗೆ ಗೊಬ್ಬರದ ಬೂದಿ. ಉಳಿದದ್ದು ಜಾಸ್ತಿ ಇದ್ದಷ್ಟೂ ಮಣ್ಣು ಜಾಸ್ತಿ. ನಮ್ಮದರಲ್ಲಿ 80 ಗ್ರಾಂ ಮೇಲೆ ಉಳೀತು.

ಕಳಿತಿದೆಯಾ ನೋಡೋಕೆ ಒದ್ದೆ ಮಾಡಿದ ಒಂದು ಹಿಡಿಯನ್ನ ಪ್ಲಾಸ್ಟಿಕ್ ಕವರಲ್ಲಿ ಗಾಳಿ ಹೋಗದಂತೆ ಕಟ್ಟಿ ಮೂರು ದಿನ ನೆರಳಲ್ಲಿಡಿ. ಬಿಚ್ಚಿದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದ್ರೆ ಸರಿ. ಮೂಗಿಗೆ ಹೊಡೆದ್ರೆ ಹಸಿ. ಜೊತೆಗೆ ಒಂದು ಪಾಲು ಗೊಬ್ಬರ, ಎರಡು ಪಾಲು ನಿಮ್ಮ ಮಣ್ಣು ಒಂದು ಕುಂಡದಲ್ಲಿ, ಬರೀ ನಿಮ್ಮ ಮಣ್ಣು ಇನ್ನೊಂದರಲ್ಲಿ, ಹತ್ತತ್ತು ಬೀನ್ಸ್ ಬೀಜ. ಎಂಟು ಹತ್ತು ದಿನದಲ್ಲಿ ವ್ಯತ್ಯಾಸ ಕಾಣುತ್ತೆ. ಇಷ್ಟು ದಿನ ಕಾಯಲ್ಲ ಅನ್ನೋ ವ್ಯಾಪಾರಿ ಹತ್ತಿರ ತಗೋಬೇಡಿ, ಮುಗೀತು. ಮೂಟೆಯಲ್ಲಿ ಬರೋದಾದ್ರೆ ಲೇಬಲ್ ಓದಿ: ರಸಗೊಬ್ಬರ ನಿಯಂತ್ರಣ ಆದೇಶ, 1985ರ ಪ್ರಕಾರ ಸಿಟಿ ಕಾಂಪೋಸ್ಟ್, ಎರೆಗೊಬ್ಬರ ಎರಡಕ್ಕೂ ಉಪ್ಪಿನಂಶ ತೋರಿಸೋ ಇಸಿ (ವಿದ್ಯುತ್ ವಾಹಕತೆ) 4 dS/m ದಾಟಬಾರದು. ಮಣ್ಣು ನೀರಿನ ಪರೀಕ್ಷೆ ಬಗ್ಗೆ ಚಿಂತಾಮಣಿ ಹತ್ತಿರದ ಕುರುಬೂರಿನ ಇಲ್ಲವೇ ಕೋಲಾರ ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಆಗಲೇ ಇಂಥದ್ದು ಬಂದು ಬಿದ್ದಿದ್ರೆ ಎಸೆಯಬೇಡಿ. ಕೋಳಿ ಗೊಬ್ಬರದಲ್ಲಿ ಸಾರಜನಕ ಜಾಸ್ತಿ, ಇಂಗಾಲ ಸಾಲದು. ರೇಷ್ಮೆ ಹುಳು ಮನೆಯಿಂದ ಬರೋ ಹಿಪ್ಪುನೇರಳೆ ಕಡ್ಡಿ, ಜೋಳದ ದಂಟು ಚೂರು ಮಾಡಿ, ಒಣ ಎಲೆ, ಗೊಬ್ಬರದ ಎರಡು ಮೂರು ಪಟ್ಟು ಬೆರೆಸಿ, ನಾಲ್ಕೈದು ಅಡಿ ಎತ್ತರದ ಉದ್ದ ರಾಶಿ ಮಾಡಿ. ಹಿಂಡಿದ್ರೆ ಒಂದೆರಡು ಹನಿ ಬರೋಷ್ಟು ತೇವ ಸಾಕು. ಒಳಗಿನ ಕಾವು 55 ಡಿಗ್ರಿ ಮೇಲೆ 15 ದಿನ ನಿಲ್ಲಬೇಕು, ಅಷ್ಟರಲ್ಲಿ ಐದು ಸಲ ಹೊರಗಿನದ್ದು ಒಳಗೆ ಹೋಗೋ ಹಾಗೆ ತಿರುವಬೇಕು. ಅಂಚಲ್ಲಿ ಉಳಿದ ಜೇಕಿನ ಗಡ್ಡೆ ಸಾಯಲ್ಲ, ಅದಕ್ಕೇ ತಿರುವೋದು ಮುಖ್ಯ. ಉಳುಮೆ ಇಲ್ಲದ ತೋಟಕ್ಕೆ ಜೇಕು ಹೊಕ್ಕರೆ ಮಣ್ಣಿನ ಮೇಲೆ ಹೊದಿಸಿದ ಮುಚ್ಚಿಗೆ ಸೀಳಿಕೊಂಡು ಮೇಲೆ ಬರುತ್ತೆ, ವರ್ಷಗಟ್ಟಲೆ ಕೀಳ್ತಾನೇ ಇರಬೇಕು. ಹರಡಿಬಿಟ್ಟ ಬೆಡ್ಡಿಗೆ ಮೇವಿನ ಜೋಳ ಒತ್ತಾಗಿ ಬಿತ್ತಿ, ಹೆಚ್ಚಿದ ಸಾರಜನಕ ಎಳೆದುಕೊಳ್ಳುತ್ತೆ. ಆದ್ರೆ ಆ ಜೋಳ ಹಸುವಿಗೆ ಹಾಕಬೇಡಿ, ನೈಟ್ರೇಟ್ ತುಂಬಿರುತ್ತೆ, ಎಳೆಯದ್ದರಲ್ಲಿ ಸಯನೈಡ್ ವಿಷ ಬೇರೆ. ಕೊಯ್ದು ಅಲ್ಲೇ ಮುಚ್ಚಿಗೆ ಮಾಡಿ.

ಉಳಿದ ಬೆಡ್ಡುಗಳಿಗೆ ನಾವು ಇನ್ನು ಲೋಡು ತರಿಸಲ್ಲ. ಹಸಿರೆಲೆ ಗೊಬ್ಬರಕ್ಕೆ ಅಂತ ಎಕರೆಗೆ 20 ಕೆಜಿ ಸೆಣಬು ಬಿತ್ತಿ ಹೂ ಬರುವಾಗ ಕೊಯ್ದು ಮಲಗಿಸೋದು, ಸುಗ್ಗಿ ಆದ ಮೇಲೆ ಕುರಿ ಮಂದೆ ನಿಲ್ಲಿಸೋದು. ಮಂದೆ ನಿಂತ ಹೊಲದಲ್ಲಿ ಹಿಕ್ಕೆ, ಗಂಜಲ ಎರಡೂ ಕಣ್ಣ ಮುಂದೆಯೇ ಬೀಳುತ್ತೆ, ಯಾರೂ ಗೋಡು ಬೆರೆಸೋಕೆ ಆಗಲ್ಲ. ನೀವು ಲೋಡು ತರಿಸಲೇಬೇಕು ಅಂದ್ರೆ ಒಂದು ಲೋಡಿನ ದುಡ್ಡು ಮಾತ್ರ ಕೊಡಿ, ಅದೂ ರಾಶಿ ಒಡೆದು ನೋಡಿದ ಮೇಲೆ. "ಪೂರ್ತಿ ಹಾಕಿ, ಹಿಡಿದಿಡ್ತೀನಿ" ಅಂದ್ರೆ ಅಲ್ಲಿಗೇ ಫೋನ್ ಇಡಿ.