ಒಬ್ಬನೇ ಓಡಿಸುವ ಡಿಜೆ ಸೆಟ್‌ಗೆ ಲೈಟ್ ಕಂಟ್ರೋಲ್: ಸೌಂಡ್ ಮೋಡ್, ಬಾಕ್ಸ್, ಲ್ಯಾಪ್‌ಟಾಪ್

ಮೊಬೈಲ್ ಡಿಜೆ ಅಂದರೆ ಹಾಡು ಹಾಕುವವನೂ ಅವನೇ, ಮೈಕ್ ಹಿಡಿಯುವವನೂ ಅವನೇ, ಕೊನೆಗೆ ಕೇಬಲ್ ಸುತ್ತುವವನೂ ಅವನೇ. ಲೈಟಿಗೆ ಅಂತ ಬೇರೆ ಆಳು ಇರುವುದಿಲ್ಲ. ಹಾಗಾಗಿ ಕಂಟ್ರೋಲರ್ ನೋಡುವಾಗ ನನ್ನ ಲೆಕ್ಕ ಒಂದೇ: ಹಾಡು ನಡೆಯುವಾಗ ಅದು ನನ್ನ ಕೈಯನ್ನೂ ಕಣ್ಣನ್ನೂ ಎಷ್ಟು ಕೇಳುತ್ತದೆ? ನಾಲ್ಕು ಎಲ್‌ಇಡಿ ಪಾರ್ (ಅಲುಗಾಡದೆ ಬಣ್ಣದ ಬೆಳಕು ಚೆಲ್ಲುವ ಲೈಟು), ಎರಡು ಮೂವಿಂಗ್ ಹೆಡ್ (ತಲೆ ತಿರುಗಿಸುವ ಲೈಟು) ಇಟ್ಟುಕೊಂಡು ಮೂರು ದಾರಿಯನ್ನೂ ಓಡಿಸಿ ನೋಡಿದೆ.

ಮೊದಲನೆಯದು ಲೈಟಿನ ಒಳಗೇ ಇರುವ ಸೌಂಡ್ ಮೋಡ್, ಅಂದರೆ ಒಳಗಿನ ಮೈಕ್‌ನಲ್ಲಿ ಸದ್ದು ಕೇಳಿ ಲೈಟು ತಾನೇ ಕುಣಿಯುವುದು. ಒಂದನ್ನು ಮಾಸ್ಟರ್ ಮಾಡಿ, ಅದೇ ಮಾಡೆಲ್‌ನ ಉಳಿದವನ್ನು ಸ್ಲೇವ್ (ಮಾಸ್ಟರ್ ಮಾಡಿದ್ದನ್ನೇ ಮಾಡುವ ಲೈಟು) ಮಾಡಿದರೆ ಕೆಲಸ ಮುಗಿಯಿತು. ಆದರೆ ಒಳಗಿನ ಮೈಕ್‌ಗೆ ಹಾಡು ಯಾವುದು, ಭಾಷಣ ಯಾವುದು ಗೊತ್ತಾಗಲ್ಲ. ಹಿರಿಯರು ಮೈಕ್ ಹಿಡಿದು ನಾಲ್ಕು ಮಾತಾಡುವಾಗ ಲೈಟು ಕುಣಿಯುತ್ತಿದ್ದರೆ ನೋಡೋಕಾಗಲ್ಲ. ನಿಧಾನದ ಹಾಡಿಗೂ ಅದೇ ಗದ್ದಲ. ಎಲ್ಲ ಕೆಟ್ಟಾಗ ಇರಲಿ ಅಂತ ಇಟ್ಟುಕೊಳ್ಳಬಹುದು, ಅಷ್ಟೇ.

ಎರಡನೆಯದು 192 ಚಾನೆಲ್‌ನ ಡಿಎಂಎಕ್ಸ್ ಬಾಕ್ಸ್. ಡಿಎಂಎಕ್ಸ್ ಅಂದರೆ ಕೇಬಲ್‌ನಲ್ಲಿ ಲೈಟಿಗೆ ಆಜ್ಞೆ ಕಳಿಸುವ ಪದ್ಧತಿ; ಬಣ್ಣ, ತಿರುಗುವುದು ಹೀಗೆ ಒಂದೊಂದಕ್ಕೆ ಒಂದೊಂದು ಚಾನೆಲ್. ಶೋವೆ ಒಬೇ 40 ಇದೇ ಜಾತಿಯದು. 12 ಲೈಟು, ಒಂದೊಂದಕ್ಕೆ 16 ಚಾನೆಲ್, ಎಂಟು ಫೇಡರ್ (ಮೇಲೆ ಕೆಳಗೆ ತಳ್ಳುವ ಗುಂಡಿ), 30 ಬ್ಯಾಂಕ್‌ನಲ್ಲಿ ಎಂಟೆಂಟು ಸೀನ್ (ಉಳಿಸಿಟ್ಟ ಬೆಳಕಿನ ಜೋಡಣೆ). ಸ್ವಿಚ್ ಹಾಕಿದರೆ ರೆಡಿ. ಅಪ್‌ಡೇಟ್ ಕೇಳಲ್ಲ, ಹ್ಯಾಂಗ್ ಆಗಿದ್ದೂ ಕಂಡಿಲ್ಲ. ಎಲ್ಲ ಲೈಟನ್ನೂ ಒಮ್ಮೆಗೇ ಆರಿಸುವ ಬ್ಲ್ಯಾಕ್‌ಔಟ್ ಬಟನ್ ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ಬರೀ ಪಾರ್ ಲೈಟ್ ಇರುವವರಿಗೆ ಇದಕ್ಕಿಂತ ಹೆಚ್ಚು ಬೇಡ ಅಂತಲೇ ನನ್ನ ಅಭಿಪ್ರಾಯ.

ಕಷ್ಟ ಶುರುವಾಗುವುದು ಮೂವಿಂಗ್ ಹೆಡ್ ಬಂದಾಗ. ಪ್ಯಾನ್ (ಅಡ್ಡ ತಿರುಗುವುದು) ಒಂದು ಫೇಡರ್, ಟಿಲ್ಟ್ (ಮೇಲೆ ಕೆಳಗೆ ಬಾಗುವುದು) ಇನ್ನೊಂದು, ಬಣ್ಣ ಮತ್ತೊಂದು. ಸೊನ್ನೆಯಿಂದ 255ರವರೆಗೆ ತಳ್ಳುತ್ತಾ ಒಂದೊಂದೇ ಸೀನ್ ಉಳಿಸುತ್ತಾ ಹೋಗಬೇಕು. ಆಮೇಲೆ ಡಿಸ್‌ಪ್ಲೇಯಲ್ಲಿ ಕಾಣುವುದು ಬರೀ ನಂಬರ್. ಏಳನೇ ಬ್ಯಾಂಕಿನ ಮೂರನೇ ಸೀನ್ ನೀಲಿಯೋ ಕೆಂಪೋ? ಟೇಪ್ ಅಂಟಿಸಿ ಪೆನ್ನಲ್ಲಿ ಬರೆದುಕೊಳ್ಳಬೇಕು. ಲೈಟು ಬದಲಾಯಿಸಿ ಬೇರೆ ಮಾಡೆಲ್ ತಂದರಂತೂ ಆ ಸೀನೆಲ್ಲ ಮತ್ತೆ ಮಾಡಬೇಕು.

ಮೂರನೆಯದು ಲ್ಯಾಪ್‌ಟಾಪ್. ಲೈಟು ಓಡಿಸುವ ಸಾಫ್ಟ್‌ವೇರ್‌ಗಳಲ್ಲಿ ಕ್ಯೂಎಲ್‌ಸಿ ಪ್ಲಸ್ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ. ಒಂದೊಂದು ಲುಕ್‌ಗೂ ಹೆಸರು ಕೊಟ್ಟು ಮಿಡಿ ಪ್ಯಾಡ್‌ನ (ಲ್ಯಾಪ್‌ಟಾಪ್‌ಗೆ ಸೇರಿಸುವ ಬಟನ್ ಹಲಗೆ) ಬಟನ್‌ಗೆ ಕಟ್ಟಿಬಿಡಬಹುದು. ಆದರೆ ಯಾವಾಗ ಯಾವ ಬಟನ್ ಒತ್ತಬೇಕು ಅನ್ನುವುದು ನನ್ನ ತಲೆನೋವೇ. ಸೌಂಡ್‌ಸ್ವಿಚ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಈ ಭಾರ ಇಳಿಸುತ್ತದೆ. ಅದು ಸೆರಾಟೊದಂಥ ಡಿಜೆ ಸಾಫ್ಟ್‌ವೇರ್‌ನಿಂದ ಬೀಟ್ ಓದಿಕೊಂಡು ಆಟೋಲೂಪ್ (ತಾಳಕ್ಕೆ ತಕ್ಕಂತೆ ಸುತ್ತುತ್ತಲೇ ಇರುವ ಬೆಳಕಿನ ಆಟ) ಓಡಿಸುತ್ತದೆ. ಯಾರೋ ಬಂದು ನಾನು ಕೇಳೇ ಇರದ ಹಾಡು ಕೇಳಿದರೂ ಲೈಟು ತಾಳ ತಪ್ಪಲ್ಲ. ಬೀಟ್‌ಗ್ರಿಡ್ (ಹಾಡಿನಲ್ಲಿ ಬೀಟ್ ಎಲ್ಲೆಲ್ಲಿ ಬೀಳುತ್ತದೆ ಅನ್ನುವ ಗುರುತು) ಸರಿಯಿದ್ದರೆ ಮಾತ್ರ, ನೆನಪಿರಲಿ. ಲೈವ್ ರೆಕಾರ್ಡಿಂಗ್‌ನ ಹಳೇ ಹಾಡುಗಳಲ್ಲಿ ಗ್ರಿಡ್ ಜಾರಿತೆಂದರೆ ಲೈಟೂ ಜೊತೆಗೇ ಜಾರುತ್ತದೆ.

ಇಲ್ಲಿ ಜನ ಕಾಸು ಉಳಿಸಲು ಹೋಗಿ ಒದ್ದಾಡುವುದು ಲ್ಯಾಪ್‌ಟಾಪನ್ನು ಡಿಎಂಎಕ್ಸ್ ಕೇಬಲ್‌ಗೆ ಸೇರಿಸುವ ಯುಎಸ್‌ಬಿ ಅಡಾಪ್ಟರ್ ವಿಷಯದಲ್ಲಿ. ಡಿಎಂಎಕ್ಸ್ 512ರಲ್ಲಿ ಪೂರ್ತಿ 512 ಚಾನೆಲ್ ಕಳಿಸಿದರೆ ಸೆಕೆಂಡಿಗೆ ಸುಮಾರು 44 ಸಲ ಡೇಟಾ ಹೋಗುತ್ತದೆ. ಅಗ್ಗದ ಅಡಾಪ್ಟರ್‌ಗಳು ಆ ಟೈಮಿಂಗ್ ಕೆಲಸವನ್ನೂ ಲ್ಯಾಪ್‌ಟಾಪ್ ಮೇಲೇ ಹಾಕುತ್ತವೆ. ಅದೇ ಲ್ಯಾಪ್‌ಟಾಪ್ ಹಾಡನ್ನೂ ಮಿಕ್ಸ್ ಮಾಡುತ್ತಿರುತ್ತದೆ, ಅಲ್ವಾ? ಪಾರ್ ಲೈಟಲ್ಲಿ ಅಷ್ಟಾಗಿ ತಿಳಿಯಲ್ಲ. ಮೂವಿಂಗ್ ಹೆಡ್ ನಿಧಾನ ತಿರುಗುವಾಗ ತಡೆದು ತಡೆದು ಹೋಗುವುದು ಕಣ್ಣಿಗೆ ಹೊಡೆಯುತ್ತದೆ. ಎಂಟೆಕ್ ಡಿಎಂಎಕ್ಸ್ ಯುಎಸ್‌ಬಿ ಪ್ರೊ ತರಹದವು ತಮ್ಮದೇ ಪ್ರೊಸೆಸರ್‌ನಲ್ಲಿ ಟೈಮಿಂಗ್ ನೋಡಿಕೊಳ್ಳುತ್ತವೆ. ಯಾವ ಸಾಫ್ಟ್‌ವೇರ್‌ಗೆ ಯಾವ ಅಡಾಪ್ಟರ್ ಒಪ್ಪುತ್ತದೆ ಅಂತ ನೋಡಿಯೇ ಕೊಳ್ಳಿ.

ನಡುವೆ ಒಂದು ಮಾತು. ಲೈಟು ಸುಮ್ನೆ ಮಿಣಮಿಣ ಅಂದರೆ ಮೊದಲು ಕೇಬಲ್ ನೋಡಿ. ಮೈಕ್ ಕೇಬಲನ್ನೇ ಡಿಎಂಎಕ್ಸ್‌ಗೆ ಹಾಕುವ ಚಟ ಬಹಳ ಜನರಿಗಿದೆ. 120 ಓಮ್ ಕೇಬಲ್, ಕೊನೆಯ ಲೈಟಿಗೆ 120 ಓಮ್ ಟರ್ಮಿನೇಟರ್ (ಸಿಗ್ನಲ್ ವಾಪಸ್ ಬರದಂತೆ ತಡೆಯುವ ಪ್ಲಗ್) ಇದ್ದರೆ ಕಂಟ್ರೋಲರ್ ಮೇಲಿನ ಅರ್ಧ ದೂರು ನಿಲ್ಲುತ್ತದೆ.

ಈಗ ನನ್ನ ಸೆಟ್ ಸೌಂಡ್‌ಸ್ವಿಚ್ ಮೇಲೆ ಓಡುತ್ತದೆ. ಪಕ್ಕದಲ್ಲಿ ಸಣ್ಣ ಪ್ಯಾಡ್, ಅದರಲ್ಲಿ ಬ್ಲ್ಯಾಕ್‌ಔಟ್, ಭಾಷಣಕ್ಕೆ ಸ್ಥಿರವಾದ ಬಿಳಿ, ನಿಧಾನದ ಹಾಡಿಗೆ ಹಳದಿ, ಸ್ಟ್ರೋಬ್. ಲ್ಯಾಪ್‌ಟಾಪ್ ಕೈಕೊಟ್ಟರೆ ಹಾಡೂ ಹೋಗುತ್ತದೆ, ಲೈಟೂ ಹೋಗುತ್ತದೆ. ಅದೊಂದು ಭಯ ಇದ್ದೇ ಇದೆ. ಅದಕ್ಕೆ ಲೈಟಿನ ಮೆನುವಿನಲ್ಲಿ, ಸಿಗ್ನಲ್ ಹೋದರೆ ಕೊನೆಯ ಲುಕ್ ಹಾಗೇ ಉಳಿಯುವಂತೆ ಹೋಲ್ಡ್ ಹಾಕಿಟ್ಟಿದ್ದೇನೆ. ಬಾಕ್ಸನ್ನೂ ಬ್ಯಾಗಿನಿಂದ ತೆಗೆದಿಲ್ಲ. ಬಾಕ್ಸ್‌ಗೆ ಅಡ್ರೆಸ್ (ಲೈಟಿನ ಮೊದಲ ಚಾನೆಲ್ ನಂಬರ್) 16ರ ಲೆಕ್ಕದಲ್ಲೇ ಬೇಕು: ಪಾರ್‌ಗಳು 1, 17, 33, 49, ಮೂವಿಂಗ್ ಹೆಡ್ 65 ಮತ್ತು 81. ಸಾಫ್ಟ್‌ವೇರ್‌ಗೆ ಎಲ್ಲಿ ಕೊಟ್ಟರೂ ನಡೆಯುತ್ತದೆ, ಹಾಗಾಗಿ ಅಲ್ಲೂ ಇವೇ ಅಡ್ರೆಸ್. ಅಡಾಪ್ಟರ್‌ನಿಂದ ಕೇಬಲ್ ಕಿತ್ತು ಬಾಕ್ಸ್‌ಗೆ ಚುಚ್ಚಿದರೆ ಆಯಿತು, ಒಂದು ಲೈಟಿನ ಮೆನುವನ್ನೂ ಮುಟ್ಟಬೇಕಿಲ್ಲ.